ಒಂದು ಮೊರ ತೌಡು

ಗ್ಯಾನಮ್ಮ ಹನ್ನೆರಡು ವರ್ಷ ಕಾದದ್ದು ಒಂದೇ ಒಂದು ಮಾತಿಗೆ. ದೊಡ್ಡ ಮಾತೇನಲ್ಲ, ಕೂಸು ಬಾಯಿ ತೆರೆದರೆ ಮೊದಲು ಬರುವ ಮಾತು: ಅವ್ವ. ಓಣಿಯ ಹೆಂಗಸರು ಅದನ್ನು ದಿನಕ್ಕೆ ನೂರು ಸಲ ಕೇಳಿ ಬೇಸತ್ತು ಮಕ್ಕಳನ್ನು ಬೈದು ಅಟ್ಟುತ್ತಿದ್ದರು. ಇವಳಿಗೆ ಅದು ಒಂದು ಸಲವೂ ಸಿಕ್ಕಿರಲಿಲ್ಲ. ಸಿಗದಂತೆ ಮಾಡಿಕೊಂಡವಳೂ ಇವಳೇ, ಮಗಳು ಉಳಿಯಲಿ ಎಂದು.

ಮಸ್ಕಿಯ ಆ ಮನೆಯಲ್ಲಿ ಮೊದಲು ಹುಟ್ಟಿದ ಮೂರು ಕೂಸುಗಳೂ ಮಣ್ಣು ಸೇರಿದ್ದವು. ಎಂಬತ್ತೊಂದರ ಕಾರಹುಣ್ಣಿವೆಯ ಮುಂದೆ ನಾಲ್ಕನೆಯದು ಹೆಣ್ಣು ಹುಟ್ಟಿತು. ಅತ್ತೆ ಹೊನ್ನೂರಮ್ಮ ಈ ಸಲ ಯಾರ ಮಾತೂ ಕೇಳಲಿಲ್ಲ. ಸಾವು ಹೆತ್ತವಳ ಮಡಿಲು ಹುಡುಕಿಕೊಂಡು ಬರುತ್ತದೆ, ಕೂಸು ಈ ಮಡಿಲಿನದಲ್ಲ ಎಂದು ತೋರಿಸಿಬಿಟ್ಟರೆ ಅದಕ್ಕೆ ದಾರಿ ತಪ್ಪುತ್ತದೆ ಎಂಬುದು ಅವಳ ಲೆಕ್ಕ. ಹಿರಿಯರು ಮಾಡುತ್ತ ಬಂದದ್ದೇ. ತಾಯಿ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಡಬೇಕು, ತಿರುಗಿ ನೋಡದೆ ಬರಬೇಕು. ಮಕ್ಕಳನ್ನು ಕಳೆದುಕೊಂಡಿರದ ಬೇರೊಬ್ಬ ಹೆಂಗಸು ಎತ್ತಿಕೊಂಡು ಬಾಗಿಲಿಗೆ ತರಬೇಕು. ಅವಳಿಗೆ ಒಂದು ಮೊರ ತೌಡು ಕೊಟ್ಟು ತಾಯಿ ತನ್ನ ಕೂಸನ್ನು ತಾನೇ ಕೊಳ್ಳಬೇಕು. ಆಮೇಲೆ ಹನ್ನೆರಡು ವರ್ಷ ತುಂಬುವ ತನಕ ಕೂಸಿನ ಕೈಗೆ ಕಬ್ಬಿಣದ ಕಡಗ, ತಿಪ್ಪಮ್ಮ ಎಂದು ಹೆಸರು. ಯಾರು ಕೇಳಿದರೂ ನನ್ನದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು ಎನ್ನಬೇಕು. ಮಗಳೂ ಅವ್ವ ಎನ್ನುವಂತಿಲ್ಲ, ಚಿಕ್ಕಮ್ಮನನ್ನು ಕರೆದಂತೆ ಚಿಗವ್ವ ಎಂದೇ ಕರೆಯಬೇಕು. ಹನ್ನೆರಡು ತುಂಬಿದ ಮೇಲೆ ಎತ್ತಿಕೊಂಡವಳಿಗೆ ಕುಪ್ಪಸದ ಖಣ ಕೊಟ್ಟು, ಕಡಗ ತೆಗೆದು, ಅವ್ವ ಅನ್ನಿಸಿಕೊಳ್ಳುವುದು.

ಎತ್ತಿಕೊಳ್ಳಲು ಹೊನ್ನೂರಮ್ಮ ಕರೆದದ್ದು ಮಿಷನ್ ದವಾಖಾನೆಯ ನರ್ಸ್ ಎಸ್ತೇರಮ್ಮನನ್ನು. ಲಿಂಗಸುಗೂರಿನ ಕಡೆಯವಳು, ನಾಲ್ಕು ಹೆತ್ತು ನಾಲ್ಕನ್ನೂ ಉಳಿಸಿಕೊಂಡವಳು. ಹೆರಿಗೆ ಮಾಡಿಸಿದವಳೂ ಅವಳೇ. ಇಂಥದ್ದೆಲ್ಲ ನಮ್ಮಲ್ಲಿಲ್ಲ ಎಂದು ಮೊದಲು ಕೊಸರಾಡಿದಳು, ಆಮೇಲೆ ನಕ್ಕು ಬಂದಳು. ಬೆಳಗಿನ ಹೊತ್ತು ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ತಿಪ್ಪೆ ಹತ್ತಿ ಕೂಸನ್ನು ಎತ್ತಿದಳು. ಬಾಗಿಲಲ್ಲಿ ನಿಂತು ಇದು ಯಾರ ಕೂಸು ಎಂದು ಕೇಳುವಾಗ ನಗು ತಡೆಯಲಾರದೆ ಕೆಮ್ಮಿದಳು. ತೌಡನ್ನು ಸೆರಗೊಡ್ಡಿ ಇಸಕೊಂಡಳು. ಊರಿಗೆ ಊರೇ ಅವಳನ್ನು ಅಂದಿನಿಂದ ಮನೆಯವಳೆಂದು ಎಣಿಸಿತು.

ಎಣಿಸದೆ ಇರಲು ಅವಳೇನು ಕೆಟ್ಟವಳಾಗಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ವಾಂತಿ ಭೇದಿಯ ವರ್ಷ ಉಪ್ಪು ಸಕ್ಕರೆ ನೀರು ಹಿಡಿದು ಗುಡಿಸಲು ಗುಡಿಸಲಿಗೆ ತಿರುಗಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಮಲಗುವ ಹುಡುಗರ ಹುಣ್ಣನ್ನು ತನ್ನ ಕೈಯಾರೆ ತೊಳೆದಿದ್ದಳು. ಗ್ಯಾನಮ್ಮನಿಗೆ ದವಾಖಾನೆಯಲ್ಲಿ ಕಸ ಹೊಡೆಯುವ, ಬ್ಯಾಂಡೇಜು ಒಗೆಯುವ ಕೆಲಸ ಕೊಡಿಸಿದ್ದೂ ಅವಳೇ. ಗಂಡ ಹಟ್ಟಿಯ ಚಿನ್ನದ ಗಣಿಯ ಕಡೆ ಕೂಲಿಗೆ ಹೋಗಿ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಹಾಗಾಗಿ ಸುಖ ದುಃಖಕ್ಕೆಲ್ಲ ಇವಳಿಗೆ ಎಸ್ತೇರಮ್ಮನೇ ದಿಕ್ಕು.

ಎಂಬತ್ತಾರರಲ್ಲಿ ಹೊರದೇಶದಿಂದ ಇಬ್ಬರು ಬಂದು ದವಾಖಾನೆಯ ಅಂಗಳದಲ್ಲಿ ಕುಳಿತು ಬಡಮಕ್ಕಳ ವಿಚಾರ ಬರೆದುಕೊಂಡರು. ಎಸ್ತೇರಮ್ಮ ಅತ್ತಿಂದಿತ್ತ ಮಾತು ತಿರುಗಿಸಿ ಹೇಳುತ್ತಿದ್ದಳು. ತಿಪ್ಪಮ್ಮನ ಸರದಿ ಬಂತು. ಈ ಕೂಸು ಯಾರದು ಎಂದು ಕೇಳಿದರು. ಪಕ್ಕದಲ್ಲೇ ಕೂಸು ನಿಂತಿದೆ, ಹನ್ನೆರಡು ತುಂಬಲು ಇನ್ನೂ ಏಳು ವರ್ಷ ಇದೆ. ಗ್ಯಾನಮ್ಮ ಹೇಳಬೇಕಾದ್ದನ್ನೇ ಹೇಳಿದಳು.

"ನಂದಲ್ರಿ. ತಿಪ್ಯಾಗ ಸಿಕ್ಕದ್ದು. ಸಾಕಾಕತ್ತೀನಿ."

ಹೇಳಿ ಎಸ್ತೇರಮ್ಮನ ಮುಖ ನೋಡಿದಳು. ಎಸ್ತೇರಮ್ಮ ಸಣ್ಣಗೆ ನಕ್ಕಳು. ಒಳಗುಟ್ಟು ಬಲ್ಲ ಹೆಂಗಸು ಇನ್ನೊಬ್ಬ ಹೆಂಗಸಿಗೆ ನಗುವ ನಗು ಅದು ಎಂದು ಗ್ಯಾನಮ್ಮ ತಿಳಿದಳು. ನಿಜ ಸಂಗತಿಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಾಳೆ, ಸಾವಿಗೇನು ಇಂಗ್ಲಿಷು ಬರುತ್ತದೆಯೇ ಎಂದುಕೊಂಡಳು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು. ಅವಳ ಬುದ್ಧಿ ಅಷ್ಟೇ, ನಂಬಿದರೆ ಪೂರಾ ನಂಬಿಬಿಡುವುದು.

ಮುಂದಿನ ತಿಂಗಳೇ ತಿಪ್ಪಮ್ಮನಿಗೆ ಸಿಂಧನೂರಿನಲ್ಲಿ ಮಿಷನ್ನಿನವರು ನಡೆಸುವ ಮಕ್ಕಳ ಮನೆಯಲ್ಲಿ ಜಾಗ ಸಿಕ್ಕಿತು. ಓದು, ಊಟ, ಬಟ್ಟೆ ಎಲ್ಲ ಅವರದೇ. ಮೊದಲೆರಡು ವರ್ಷ ರಜೆಗೆ ಕಳಿಸಿದರು, ಆಮೇಲೆ ಓದು ಕೆಡುತ್ತದೆ ಎಂದು ನಿಲ್ಲಿಸಿದರು. ತಿಂಗಳಿಗೊಂದು ಭಾನುವಾರ ಗ್ಯಾನಮ್ಮ ಬಸ್ಸು ಹತ್ತಿ ಹೋಗಿ ಗೇಟಿನ ಒಳಗಿನ ಬೇವಿನ ಕೆಳಗೆ ಮಗಳ ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದಳು. ಅಲ್ಲಿ ಯಾರಾದರೂ ಕೇಳಿದರೆ ಚಿಗವ್ವ ಅಂತಲೇ ಹೇಳು ಎಂದು ಎಸ್ತೇರಮ್ಮ ಎಚ್ಚರಿಸಿದಾಗ ಗ್ಯಾನಮ್ಮನ ಕಣ್ಣು ತುಂಬಿ ಬಂದವು. ಏಸುವನ್ನು ನಂಬಿದವಳಾದರೂ ನನ್ನ ನೇಮ ಕಾಯುತ್ತಾಳಲ್ಲ, ಇಂಥವರು ಯಾರಿಗೆ ಸಿಗುತ್ತಾರೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ತೊಂಬತ್ಮೂರರ ಕಾರಹುಣ್ಣಿವೆ ಕಳೆಯಿತು. ಹನ್ನೆರಡು ತುಂಬಿದವು. ಗ್ಯಾನಮ್ಮ ಶೇಂಗಾದ ಹೋಳಿಗೆ ಮಾಡಿದಳು, ಎಸ್ತೇರಮ್ಮನಿಗೆಂದು ಹಸಿರು ಅಂಚಿನ ಖಣ ತಂದಳು. ಆ ವಾರ ಎಸ್ತೇರಮ್ಮ ಸಿಂಧನೂರಿನಲ್ಲೇ ಇದ್ದಳು, ಎಲ್ಲ ಒಂದೇ ಕಡೆ ಮುಗಿಯುತ್ತದೆ ಎಂದು ಇವಳಿಗೆ ಇನ್ನೂ ಖುಷಿ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಅವ್ವ ಅಂದಾಗ ಓ ಎನ್ನುವುದು ಹೇಗೆ ಎಂದು ಬಾಯೊಳಗೇ ಅಂದು ನೋಡಿಕೊಂಡಳು. ನಾಚಿಕೆಯಾಯಿತು.

ಗೇಟು ಕಾಯುವ ಇಮಾಮ್‌ಸಾಬ್, ಹೊರದೇಶದ ಮಂದಿ ಬಂದಿದ್ದಾರೆ, ಒಳಗೆ ಸಮಾರಂಭ ನಡೆದಿದೆ, ಹಿಂದೆ ಸುಮ್ಮನೆ ಕೂತುಕೋ ಎಂದ. ಶಾಮಿಯಾನದ ಕೊನೆಯಲ್ಲಿ ಬುಟ್ಟಿ ಮಡಿಲಲ್ಲಿಟ್ಟು ಕುಳಿತಳು. ವೇದಿಕೆಯ ಮೇಲೆ ತಿಪ್ಪಮ್ಮ ನಿಂತಿದ್ದಳು. ಬಿಳಿ ಫ್ರಾಕು, ರಿಬ್ಬನ್ನು. ಮೈಕಿನವರು ಅವಳನ್ನು ಕೃಪಾ ಎಂದು ಕರೆದರು. ಕೈಯಲ್ಲಿ ಕಡಗ ಇರಲಿಲ್ಲ. ಹೋದ ತಿಂಗಳು ಇದ್ದದ್ದನ್ನು ಯಾರು ತೆಗೆದರು, ಯಾವಾಗ ತೆಗೆದರು ಎಂದು ಗ್ಯಾನಮ್ಮ ಕತ್ತು ಚಾಚಿ ನೋಡಿದಳು. ಹುಡುಗಿ ಮೊದಲು ಇಂಗ್ಲಿಷಿನಲ್ಲಿ ಒಪ್ಪಿಸಿದಳು, ಆಮೇಲೆ ಊರ ಮಂದಿಗಾಗಿ ಕನ್ನಡದಲ್ಲಿ.

"ನನ್ನನ್ನು ಹೆತ್ತವಳು ನನ್ನನ್ನು ತಿಪ್ಪೆಯ ಮೇಲೆ ಎಸೆದು ಹೋದಳು. ಅವಳು ಯಾರೆಂದು ನನಗೆ ಗೊತ್ತಿಲ್ಲ. ಎಸ್ತೇರಮ್ಮ ನನ್ನನ್ನು ಎತ್ತಿಕೊಂಡರು. ಅವರೇ ನನಗೆ ಅವ್ವ."

ಮುಂದಿನ ಸಾಲಿನ ಬಿಳಿ ಹೆಂಗಸು ಕಣ್ಣೊರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಗ್ಯಾನಮ್ಮನಿಗೆ ಆ ತುತ್ತನ್ನು ಬೇರೆಯವರು ಉಂಡು ಕೈ ತೊಳೆದದ್ದು ಕಂಡಿತು.

ಊಟದ ಹೊತ್ತಿಗೆ ಅಡಿಗೆಮನೆಯ ಹಿಂದೆ ಎಸ್ತೇರಮ್ಮನನ್ನು ಹಿಡಿದು ನಿಲ್ಲಿಸಿದಳು. ಕೂಗಾಡಲಿಲ್ಲ. ಎಸ್ತೇರಮ್ಮ ತಲೆ ತಗ್ಗಿಸದೆ ಮಾತಾಡಿದಳು. ಹೆತ್ತವರಿದ್ದ ಕೂಸಿಗೆ ಇಲ್ಲಿ ಜಾಗ ಸಿಗುತ್ತಿರಲಿಲ್ಲವಂತೆ. ಇವಳ ಬಳಿ ಇದ್ದರೆ ಹತ್ತಿ ಬಿಡಿಸಲು ಹೋಗುತ್ತಿದ್ದಳಂತೆ, ಈಗ ಓದಿ ನರ್ಸ್ ಆಗುತ್ತಾಳಂತೆ. ಎಲ್ಲವೂ ಖರೆಯೇ ಇರಬಹುದು. ಅದಕ್ಕೇ ಗ್ಯಾನಮ್ಮನಿಗೆ ಇನ್ನಷ್ಟು ಸಿಟ್ಟು ಬಂದದ್ದು.

"ಆ ಮಂದಿಗೆ ಗೊತ್ತಿದ್ದಿಲ್ಲ, ಬಿಡ್ರಿ. ನಿಮಗ ಗೊತ್ತಿತ್ತಲ್ರಿ. ನೀವಾ ಸೆರಗೊಡ್ಡಿ ತೌಡು ಇಸಕೊಂಡೀರಿ. ನನಗೊಂದು ಮಾತು ಹೇಳಬೇಕಿತ್ತು."

"ಹೇಳಿದ್ರ ನೀ ಕೊಡ್ತಿದ್ದೇನು?" ಎಂದಳು ಎಸ್ತೇರಮ್ಮ.

ಅಷ್ಟರಲ್ಲಿ ಹುಡುಗಿಯೇ ಓಡಿ ಬಂದಳು. ಚಿಗವ್ವ, ಯಾವಾಗ ಬಂದಿ, ನನ್ನ ಭಾಷಣ ಕೇಳಿದ್ಯೇನು ಎಂದು ತೋಳಿಗೆ ಜೋತುಬಿದ್ದಳು. ಗ್ಯಾನಮ್ಮ ಅವಳ ಕೈಯಲ್ಲಿ ಕಡಗ ಇದ್ದ ಜಾಗವನ್ನು ಸವರಿದಳು.

"ಇನ್ನ ಚಿಗವ್ವ ಅನಬ್ಯಾಡ. ಹನ್ನೆರಡು ತುಂಬ್ಯಾವು. ನಾನಾ ನಿಮ್ಮವ್ವ. ನಾನಾ ಹಡದೀನಿ."

ಹುಡುಗಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಎಸ್ತೇರಮ್ಮನ ಕಡೆ ನೋಡಿದಳು. ಎಸ್ತೇರಮ್ಮ ಒಂದು ಮಾತು ಆಡಿದ್ದರೆ ಸಾಕಿತ್ತು, ಆ ತೌಡಿನ ಮಾತು. ಆಡಲಿಲ್ಲ. ನಾನು ನಿನ್ನನ್ನು ತಿಪ್ಪೆಯ ಮೇಲಿಂದಲೇ ಎತ್ತಿಕೊಂಡದ್ದು, ಅದರಲ್ಲಿ ಸುಳ್ಳಿಲ್ಲ ಎಂದಷ್ಟೇ ಹೇಳಿದಳು.

ಹುಡುಗಿ ತೋಳು ಬಿಟ್ಟಳು.

"ನೀ ನನ್ನ ತಿಪ್ಪಿ ಮ್ಯಾಲ ಇಟ್ಟಿದ್ದೇನು?"

"ಇಟ್ಟಿದ್ದೆ. ನೀ ಬದುಕಲಿ ಅಂತ..."

"ಇಟ್ಟು, ತಿರುಗಿ ನೋಡಿದ್ದೇನು?"

"ಇಲ್ಲ. ನೋಡಬಾರದಾಗಿತ್ತು."

ಉಳಿದದ್ದನ್ನು ಹುಡುಗಿ ಕೇಳಲಿಲ್ಲ. ತಿಂಗಳಿಗೊಮ್ಮೆ ಬಂದು ಎಣ್ಣೆ ಹಚ್ಚುವ ಚಿಗವ್ವನ ಮೇಲೆ ಅವಳಿಗೆ ಪ್ರೀತಿ ಇತ್ತು. ಎಸೆದು ಹೋದವಳ ಮೇಲೆ ಏಳು ವರ್ಷ ದ್ವೇಷ ಕಲಿತಿದ್ದಳು. ಇಬ್ಬರೂ ಒಬ್ಬಳೇ ಎಂದು ತಿಳಿದ ಮೇಲೆ ಆ ಹನ್ನೆರಡರ ಹುಡುಗಿ ಯಾವುದನ್ನು ಇಟ್ಟುಕೊಂಡಾಳು?

"ಅದಕ್ಕಾ ನೀ ಚಿಗವ್ವ ಅಂತ ಕರೆಸಿಕೊಂಡಿ," ಎಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

ಗ್ಯಾನಮ್ಮ ಬುಟ್ಟಿಯಿಂದ ಖಣ ತೆಗೆದು ಎಸ್ತೇರಮ್ಮನ ಮುಂದೆ ಹಿಡಿದಳು. "ತಗೊಳ್ರಿ. ಎತ್ತಿಕೊಂಡವರಿಗೆ ಕೊಡೋದೈತಿ. ನನ್ನ ನೇಮ ನಾ ತಪ್ಪಂಗಿಲ್ಲ," ಎಂದಳು. ಎಸ್ತೇರಮ್ಮ ಬೇಡವೆನ್ನಲೂ ಆಗದೆ ಕೈಯೊಡ್ಡಿದಳು. ಹೋಳಿಗೆಯ ಬುಟ್ಟಿಯನ್ನು ಗ್ಯಾನಮ್ಮ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ನಡೆದಳು.

ಗೇಟಿನ ಬಳಿ ಇಮಾಮ್‌ಸಾಬ್ ಊಟ ಮಾಡಿ ಹೋಗು ಎಂದ. ಗ್ಯಾನಮ್ಮ ನಿಂತು ತಿರುಗಿ ನೋಡಿದಳು. ಹುಡುಗಿ ಎಸ್ತೇರಮ್ಮನ ಕೈ ಹಿಡಿದುಕೊಂಡು ಊಟದ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಬಾಗಿಲು ದಾಟುವ ತನಕ ಗ್ಯಾನಮ್ಮ ಕಾದಳು. ಹುಡುಗಿ ತಿರುಗಿ ನೋಡಲಿಲ್ಲ.