ಹುಲ್ಲುಗಾಡಿಯ ಚೌಕಟ್ಟು

ಬಾಗಿಲು, ಕಿಟಕಿ ಮಾಡುವುದರಲ್ಲಿ ಆ ಬಡಗಿಯದು ಎತ್ತಿದ ಕೈ. ಮರ ಕೂಡುವ ಕಡೆ ಕೂದಲೆಳೆಯಷ್ಟು ಸಂದು ಕಂಡರೂ ಬಿಚ್ಚಿ ಮತ್ತೆ ಕೂಡಿಸುತ್ತಿದ್ದ. ಅದಕ್ಕೇ ಜನ ಅವನನ್ನು ‘ಕೂದಲೆಳೆ’ ಎಂದೇ ಕರೆಯುತ್ತಿದ್ದರು. ಇಂಥವನ ಅಂಗಡಿಗೆ ಒಂದು ಬೆಳಿಗ್ಗೆ ಅವನ ಅಕ್ಕ ಬಂದಳು. ಹಿಂದಿನ ವಾರ ಅವಳ ಟ್ರಾಕ್ಟರಿನ ಹುಲ್ಲುಗಾಡಿಯ ಸುತ್ತ ಇದ್ದ ಹಳೇ ಚೌಕಟ್ಟು ಮುರಿದು ಅರ್ಧ ಹುಲ್ಲು ರಸ್ತೆಯ ಪಾಲಾಗಿತ್ತು. ಹಿಂದೆ ನಿಂತ ಬಸ್ಸಿನವರೆಲ್ಲ ಇಳಿದು ನಕ್ಕಿದ್ದರು.

“ಹುಲ್ಲು ಜಾರದ ಹಾಗೆ ಏನೋ ಒಂದು ಹೊಡೆದುಕೊಡಪ್ಪ, ಸಾಕು.”

‘ಏನೋ ಒಂದು’ ಎಂಬ ಮಾತು ಅವನನ್ನು ಕೆಣಕಿತು. ದೊಡ್ಡ ಮನೆಯೊಂದರ ಬಾಗಿಲಿಗೆಂದು ಎತ್ತಿಟ್ಟಿದ್ದ ಮರವನ್ನೇ ಇಳಿಸಿದ. ಮೊಳೆ ಮುಟ್ಟಲಿಲ್ಲ, ತೂತು ಕೊರೆದು ಮರಕ್ಕೆ ಮರವನ್ನೇ ಬಿಗಿದ. ಹನ್ನೆರಡು ದಿನ ಹಿಡಿಯಿತು. ಗಾಡಿಗೆ ಏರಿಸಲು ಆರು ಜನ ಬೇಕಾಯಿತು.

“ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಯ್ಯಾ,” ಎಂದ ಭಾವ, ಟ್ರಾಕ್ಟರಿನ ಮೇಲಿಂದಲೇ.

“ಹುಲ್ಲು ತುಂಬಿ ಭಾವ. ಇದು ಮುರಿದ್ರೆ ನಾನು ಉಳಿ ಮುಟ್ಟೋದನ್ನೇ ಬಿಡ್ತೀನಿ.”

ಅದು ಮುರಿಯಲಿಲ್ಲ. ಕಾಲುವೆಯ ಸೇತುವೆ ಹತ್ತುವಾಗ ‘ಟಣ್’ ಎಂದು ಗಾಡಿಯ ಅಚ್ಚು ಎರಡು ತುಂಡಾಯಿತು. ಗಾಡಿ ಮಂಡಿಯೂರಿತು, ಹುಲ್ಲೆಲ್ಲ ಮೇಲಿಂದ ಜಾರಿ ಕಾಲುವೆಯ ದಂಡೆಗೆ ಸುರಿಯಿತು. ಅಕ್ಕನ ಜೊತೆ ಹಿಂದೆ ನಡೆದು ಬರುತ್ತಿದ್ದ ಅವನು ಓಡಿಹೋಗಿ ಚೌಕಟ್ಟಿನ ನಾಲ್ಕೂ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿದ.

“ನೋಡಿ, ಒಂದೆಳೆ ಕದಲಿಲ್ಲ!”

ಆಮೇಲೆಯೇ ಅವನು ತಿರುಗಿದ್ದು. ಅಕ್ಕ ಸೇತುವೆಯ ಕಟ್ಟೆಯ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತಿದ್ದಳು. ಭುಜ ಕುಲುಕುತ್ತಿತ್ತು, ನಗುವೋ ಅಳುವೋ ಅವನಿಗೆ ತಿಳಿಯಲಿಲ್ಲ.

“ನಿಂದು ಗಟ್ಟಿ ಕಣೋ, ಒಪ್ಕೊಂಡೆ,” ಎಂದಳು ಕಡೆಗೆ. “ಇದನ್ನ ಹೊರೋ ಗಾಡಿ ಎಲ್ಲಿಂದ ತರ್ಲಿ?”

ಅವನು ಮೂಲೆಮಟ್ಟ ಕೆಳಗಿಟ್ಟು ದಂಡೆಗಿಳಿದ. ಹುಲ್ಲನ್ನು ಎಲ್ಲರೂ ತಲೆಯ ಮೇಲೆ ಹೊತ್ತು ಮನೆ ಮುಟ್ಟಿಸಿದರು. ಎಲ್ಲರಿಗಿಂತ ಹೆಚ್ಚು ಹೊತ್ತವನು ಅವನೇ. ಯಾರೂ ಬೇಡ ಅನ್ನಲಿಲ್ಲ.

ಗಾಡಿಗೆ ಹೊಸ ಅಚ್ಚು ಬಂತು. ಭಾವ ನಾಲ್ಕು ಬಿದಿರಿನ ಗಳ ನಿಲ್ಲಿಸಿ ನೈಲಾನ್ ಹಗ್ಗ ಬಿಗಿದುಕೊಂಡ. ಒಂದು ಕಡ್ಡಿಯೂ ಜಾರಲಿಲ್ಲ. ಚೌಕಟ್ಟನ್ನು ಕೊಟ್ಟಿಗೆಯಲ್ಲಿ ಕಲ್ಲುಗಳ ಮೇಲೆ ಇಟ್ಟು ಅಕ್ಕ ಅದರೊಳಗೇ ಹುಲ್ಲು ಹಾಕತೊಡಗಿದಳು. ದನಗಳು ಚೌಕಟ್ಟಿನ ಮರದ ಪಟ್ಟಿಗಳ ನಡುವೆ ಮೂತಿ ತೂರಿಸಿ ಹಾಯಾಗಿ ಎಳೆದು ತಿಂದವು.

ತಿಂಗಳೊಳಗೆ ಅಕ್ಕನ ಪಕ್ಕದ ಹೊಲದಾಕೆ ಅವನನ್ನು ಹುಡುಕಿಕೊಂಡು ಬಂದಳು.

“ನಿಮ್ಮಕ್ಕನ ಮನೇಲಿದೆಯಲ್ಲ, ಅಂಥದ್ದೇ ಗೋದಲಿ ನಮ್ಮ ದನಗಳಿಗೂ ಒಂದು ಬೇಕಿತ್ತು.”

“ಅದು ಗೋದಲಿ ಅಲ್ಲ!” ಎಂದು ಅವನು ಹರಿಹಾಯ್ದ.

ಆಕೆ ಬೆಪ್ಪಾಗಿ ಬಾಗಿಲವರೆಗೆ ಹೋದಳು. ಅವನು ಕಿವಿಸಂದಿಯಿಂದ ಪೆನ್ಸಿಲು ತೆಗೆದ.

“ಎಷ್ಟು ದನ ಇವೆ?”