ತಲೆಯ ಅಳತೆ

ಮುಂಬಯಿಯ ಮಾಟುಂಗದ ಕೇಶವಮೂರ್ತಿಗಳ ಬಾಯಲ್ಲಿ ಜಾತಿ ಎಂಬ ಮಾತು ಬರುವುದಿಲ್ಲ. ಅಂಥ ಹಳೆಯ ಕೊಳಕೆಲ್ಲ ಅವರಿಗೆ ಆಗದು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ವಿಜ್ಞಾನದ ಬೆನ್ನು ಹತ್ತಿದ್ದರು. ಬುದ್ಧಿ ಎಂಬುದು ಒಂದೇ, ಲೆಕ್ಕದಲ್ಲಿ ಚುರುಕಾದವನು ಭಾಷೆಯಲ್ಲೂ ಚುರುಕು. ಅದರ ಗುರುತು ಮೈಮೇಲೇ ಇರುತ್ತದೆ, ದೊಡ್ಡ ತಲೆ, ಎತ್ತರದ ನಿಲುವು, ದಪ್ಪ ಕನ್ನಡಕ, ಚುರುಕು ಕೈ ಎಂದು ಮೊಬೈಲಿನಲ್ಲಿ ಓದಿ ಮೈಸೂರಿನ ನೆಂಟರಿಗೆಲ್ಲ ಕಳಿಸಿದ್ದರು. ತಮ್ಮ ತಲೆ ದೊಡ್ಡದೆಂಬುದು ಇದಕ್ಕೆ ಕಾರಣವಲ್ಲ ಬಿಡಿ.

ಮಗಳು ಸಾಧನಾ ಭಾಂಡುಪ್‌ನ ತಿಲಕ್‌ನನ್ನು ಮದುವೆಯಾಗುತ್ತೇನೆ ಎಂದಾಗ ಈ ವಿದ್ಯೆ ಕೆಲಸಕ್ಕೆ ಬಂತು. ಹುಡುಗನ ತಂದೆ ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸುವವರು.

"ಹುಟ್ಟೋ ಮಕ್ಕಳ ಬುದ್ಧಿ ಮುಖ್ಯ ಕಣಮ್ಮ. ಅಳತೇಲಿ ಪಾಸಾದ್ರೆ ನಂದೇನೂ ತಕರಾರಿಲ್ಲ" ಎಂದರು. ಹೋಟೆಲಿನವನ ತಲೆ ಎಷ್ಟಿದ್ದೀತು ಎಂಬ ಧೈರ್ಯ ಅವರಿಗೆ.

ಭಾನುವಾರ ತಿಲಕ್ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬಂದ. ಕನ್ನಡಕವೂ ಸೋಡಾಬುಡ್ಡಿ. ಕೇಶವಮೂರ್ತಿಗಳು ಅವಸರವಾಗಿ ಎದ್ದರು. ಹೆಂಡತಿ ಕೌಸಲ್ಯಾರ ಹೊಲಿಗೆಯ ಟೇಪು ತಂದು ಅವನ ತಲೆಗೆ ಸುತ್ತಿದರು. ಎಷ್ಟು ಬಿಗಿದು ಎಳೆದರೂ ಅದು ಕೇಶವಮೂರ್ತಿಗಳ ತಲೆಗಿಂತ ದೊಡ್ಡದೇ. ಕೈಚುರುಕು ನೋಡಲು ಬೆರಳ ನಡುವೆ ಸ್ಕೇಲು ಬಿಟ್ಟರೆ ತಟ್ಟನೆ ಹಿಡಿದ.

"ಇದೆಲ್ಲ ಸಾವಿರಾರು ಜನರ ಸರಾಸರಿ ಮಾತು ಅಂಕಲ್" ಎಂದ ತಿಲಕ್ ಮೆಲ್ಲಗೆ. "ಒಬ್ಬನ ತಲೆ ಅಳೆದು ಅವನ ಬುದ್ಧಿ ಹೇಳ್ಲಿಕ್ಕೆ ಆಗುದಿಲ್ಲ."

ಪಾಸಾದವನೇ ಪರೀಕ್ಷೆ ಸರಿಯಿಲ್ಲ ಎನ್ನುವುದೆಂದರೆ! ಅಳೆಯಲು ಮತ್ತೇನೂ ಉಳಿದಿರಲಿಲ್ಲ. ಕೇಶವಮೂರ್ತಿ ಕೆಮ್ಮಿದರು.

"ಅದಿರ್ಲಿ... ನಿಮ್ಮ ಗೋತ್ರ ಯಾವ್ದು?"

"ನಮ್ಮಲ್ಲಿ ಗೋತ್ರ ಇಲ್ಲ. ತಾಯಿ ಕಡೆಯಿಂದ ಬರುವ ಬಳಿ ಅಂತ ಉಂಟು."

"ಅದೇ ನೋಡಿ!" ಎಂದರು, ಹೋದ ಜೀವ ಬಂದಂತಾಗಿ.

ಸಾಧನಾ ಎದ್ದು ನಿಂತಳು. ಕಣ್ಣು ತುಂಬಿತ್ತು, ಮಾತು ಮಾತ್ರ ನಡುಗಲಿಲ್ಲ. "ಇದನ್ನ ಮೊದ್ಲೇ ಕೇಳಿದ್ರೆ ಪಾಪ, ಇವನ ತಲೆ ಬಚಾವಾಗ್ತಿತ್ತು ಅಪ್ಪ. ಮುಂದಿನ ತಿಂಗಳು ರಿಜಿಸ್ಟರ್ ಮದ್ವೆ. ಬರೋದು ಬಿಡೋದು ನಿಮ್ಮ ಬುದ್ಧಿಗೆ ಬಿಟ್ಟಿದ್ದು."

ಕೇಶವಮೂರ್ತಿಗಳಿಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದರು. ಕೌಸಲ್ಯಾ ಆಗಲೇ ಊಟಕ್ಕೆ ಎಲೆ ಹಾಕಿ ತಿಲಕ್‌ನನ್ನು ಕೂರಿಸುತ್ತಿದ್ದರು.

"ಇವರ ಪಕ್ಕದಲ್ಲೇ ನಿಮಗೂ ಎಲೆ ಹಾಕಿದೀನಿ" ಎಂದರು ಗಂಡನಿಗೆ. "ಕೂತ್ಕೊಳ್ತೀರೋ, ಇಲ್ಲಾ ಆ ಎಲೆಗೆ ನಾನೇ ಕೂತ್ಕೊಳ್ಳಲೋ?"