ತಮ್ಮನನ್ನು ಕರೆಯಲಿಲ್ಲ

ಗಿರಾಕಿಯ ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ನೊರೆ ಹಾಗೇ ಇತ್ತು. ಆಗ ಸಂಶೋಧನಾ ಕೇಂದ್ರದ ನರ್ಸು ಕಟಿಂಗ್ ಶಾಪಿನೊಳಗೆ ಬಂದಳು. ಬೋಳಿಸುತ್ತಿದ್ದ ಅಣ್ಣ ನೋಡಿದ ಕೂಡಲೇ ಗುರುತು ಹಿಡಿದ. ಅಮ್ಮ ಸತ್ತ ವರ್ಷ ಅಣ್ಣತಮ್ಮಂದಿರಿಬ್ಬರ ರಕ್ತ ತೆಗೆದುಕೊಂಡು ಹೋದವಳು ಇವಳೇ.

ಅಮ್ಮನ ಕಾಯಿಲೆ ಬೆರಳಿನಿಂದ ಶುರುವಾಗಿತ್ತು. ಮೊದಲು ಕೈಯಿಂದ ಲೋಟ ಜಾರುತ್ತಿತ್ತು, ಆಮೇಲೆ ಕುತ್ತಿಗೆ ನಿಲ್ಲದಾಯಿತು, ಕೊನೆಗೆ ಹೆತ್ತ ಮಕ್ಕಳನ್ನೇ ಕಳ್ಳರೆಂದು ಬೈಯುತ್ತಾ ಹೋದಳು. ವಂಶದಲ್ಲಿ ಇಳಿದು ಬರುವ ರೋಗ, ಮದ್ದಿಲ್ಲ ಎಂದಿದ್ದರು ಡಾಕ್ಟರು. ರಕ್ತ ಕೊಡುವಾಗ ಇಬ್ಬರೂ ಒಂದೇ ಮಾತು ಹೇಳಿದ್ದರು: ಏನೇ ಸಿಕ್ಕಲಿ, ನಮಗೆ ತಿಳಿಸಬೇಡಿ. ಕತ್ತಿ ಹಿಡಿದು ಬದುಕುವವರು ಕೈ ನಡುಗುತ್ತದೆಂದು ಮೊದಲೇ ತಿಳಿದುಕೊಂಡು ಮಾಡುವುದಾದರೂ ಏನು?

ನರ್ಸು ಬಂದ ವಿಷಯ ಹೇಳಿದಳು. ಅದೇ ರಕ್ತದ ಮೇಲೆ ಹೊಸ ಅಧ್ಯಯನ ಶುರುವಾಗುತ್ತಿದೆ, ಅಣ್ಣ ಇನ್ನೊಮ್ಮೆ ಬರಬೇಕು, ಬಲವಂತವೇನಿಲ್ಲ, ಮಕ್ಕಳಿದ್ದರೆ ಅವರೂ ಬರಬಹುದು. ಬಾಯಿಪಾಠ ಒಪ್ಪಿಸಿದ ಹಾಗೆ ಒಂದಕ್ಷರವೂ ಆಚೀಚೆ ಆಗಲಿಲ್ಲ. ಪಕ್ಕದ ಕುರ್ಚಿ ಒರೆಸುತ್ತಿದ್ದ ತಮ್ಮ ತಲೆಯೆತ್ತಿದ.

"ನಾನ್ಯಾವಾಗ ಬರ್ಲಿ ಸಿಸ್ಟರ್?"

"ನೀವು ಬರಬೇಕಾಗಿಲ್ಲ. ಇದು ಬರೀ ಕಾಯಿಲೆ ಇರೋರ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಮುಖ ಬಿಳಿಚಿಕೊಂಡಿತು. ಯಾರನ್ನು ಕರೆಯಬೇಕೆಂದು ಕಂಪ್ಯೂಟರೇ ಆರಿಸುತ್ತದೆ, ತನಗೇನೂ ಗೊತ್ತಿಲ್ಲ ಎಂದು ತೇಪೆ ಹಾಕತೊಡಗಿದಳು. ಪಾಪ, ಅವಳದೂ ಹೊಟ್ಟೆಪಾಡು.

"ಸಾಕು ಬಿಡಮ್ಮಾ, ಗೊತ್ತಾಯ್ತು" ಎಂದ ಅಣ್ಣ.

ಅವಳು ಹೋದ ಮೇಲೆ ಕನ್ನಡಿಯಲ್ಲಿ ತಮ್ಮನ ಮುಖ ಕಂಡಿತು. ಅಲ್ಲಿ ನಗು ಮೂಡಿತ್ತು. ಅಣ್ಣನ ಕಣ್ಣಿಗೆ ಬಿತ್ತೆಂದು ತಿಳಿದದ್ದೇ ತಮ್ಮ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದ. ತಾನು ಅವನ ಜಾಗದಲ್ಲಿದ್ದರೂ ಅಷ್ಟೇ ಎಂದು ಅಣ್ಣನಿಗೆ ಗೊತ್ತಿತ್ತು. ಆದರೂ ಆ ನಗು ಸಹಿಸಲಾಗಲಿಲ್ಲ.

ಅಣ್ಣ ಮತ್ತೆ ಕತ್ತಿ ಎತ್ತಿದ. ಕೈ ಕಲ್ಲಿನ ಹಾಗೆ ಗಟ್ಟಿಯಾಗಿಯೇ ಇತ್ತು. ಗಿರಾಕಿ ಮೆಲ್ಲಗೆ ತಲೆ ಹಿಂದಕ್ಕೆಳೆದುಕೊಂಡ. ಹದಿನೈದು ವರ್ಷದಿಂದ ಇದೇ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದ ಮನುಷ್ಯ.

"ಬೇಜಾರ್ ಮಾಡ್ಕೋಬೇಡಿ. ಉಳಿದದ್ದು ಇವ್ರೇ ಮಾಡ್ಲಿ" ಎಂದು ಎದ್ದು, ನೊರೆಮುಖದಲ್ಲೇ ತಮ್ಮನ ಕುರ್ಚಿಗೆ ಹೋಗಿ ಕೂತ.

ಅಣ್ಣ ಹೊರಗೆ ಬಂದು ಮಗಳಿಗೆ ಫೋನ್ ಮಾಡಿದ. ಹೇಳಿಬಿಡಬೇಕು ಅಂತಲೇ ಮಾಡಿದ್ದ. ಆದರೆ ಅವಳ ಸ್ವರ ಕೇಳಿದ್ದೇ ಯೋಚನೆಗೆ ಬಿದ್ದ. ತನಗೆ ಬೇಡವೆಂದದ್ದನ್ನು ತಾನೇ ಹೇಗೆ ಅವಳ ತಲೆಗೆ ಕಟ್ಟುವುದು? ಹೇಳದಿದ್ದರೆ, ನಾಳೆ ಇದೇ ನರ್ಸು ಅವಳ ಬಾಗಿಲಿಗೇ ಹೋಗಿ ನಿಂತರೆ?

"ಏನಪ್ಪಾ, ಅಂಗಡಿ ಹೊತ್ತಲ್ಲಿ?"

"ಏನಿಲ್ಲಮ್ಮಾ. ಸುಮ್ನೆ."

"ಇರು, ಇವ್ನು ಎದ್ದಿದಾನೆ. ತಾತನ ಜೊತೆ ಮಾತಾಡು ಕಂದಾ" ಎನ್ನುತ್ತಾ ಅವಳು ಫೋನನ್ನು ಕೂಸಿನ ಕಿವಿಗೆ ಹಿಡಿದಳು.

ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಆ ಕಡೆಯಿಂದ ಮಗುವಿನ ಉಸಿರು ಕೇಳಿಸುತ್ತಿತ್ತು.